ಹಾಸಿಮ್ ರಹ್ಮಾನ್: ಒಂದು ಗುದ್ದಿನ ತೂಕ ಎಷ್ಟು?

2001ರ ಏಪ್ರಿಲ್ 22ರ ನಸುಕಿನಲ್ಲಿ ದಕ್ಷಿಣ ಆಫ್ರಿಕದ ಬ್ರಾಕ್‌ಪಾನ್ ಎಂಬ ಊರಿನಲ್ಲಿ ಬಾಕ್ಸಿಂಗ್ ಲೋಕ ತಲೆಕೆಳಗಾಯಿತು. ಅಮೆರಿಕದ ಬಾಲ್ಟಿಮೋರ್‌ನ ಹಾಸಿಮ್ ರಹ್ಮಾನ್, ಹೆವಿವೇಟ್ ವಿಶ್ವ ಚಾಂಪಿಯನ್ ಲೆನಾಕ್ಸ್ ಲೂಯಿಸ್‌ರನ್ನು ಐದನೇ ಸುತ್ತಿನಲ್ಲಿ ಒಂದೇ ಒಂದು ಬಲಗೈ ಗುದ್ದಿನಿಂದ ಮಲಗಿಸಿಬಿಟ್ಟರು. ಬಾಜಿ ಕಟ್ಟುವವರ ಲೆಕ್ಕದಲ್ಲಿ ರಹ್ಮಾನ್ ಗೆಲುವಿಗೆ ಇದ್ದ ಬೆಲೆ ಹೆಚ್ಚುಕಡಿಮೆ ಇಪ್ಪತ್ತಕ್ಕೆ ಒಂದು. ಏಳು ತಿಂಗಳು ಕಳೆಯುವುದರೊಳಗೆ, ಅದೇ ವರ್ಷದ ನವೆಂಬರ್ 17ರಂದು ಲಾಸ್ ವೇಗಾಸ್‌ನಲ್ಲಿ ಲೂಯಿಸ್ ನಾಲ್ಕನೇ ಸುತ್ತಿನಲ್ಲೇ ರಹ್ಮಾನ್‌ರನ್ನು ಕೆಡವಿ ಪಟ್ಟವನ್ನು ಮರಳಿ ಪಡೆದರು.

ಇಂಥ ಪ್ರತಿಯೊಂದು ಗೆಲುವಿನ ಮರುದಿನವೂ ಎರಡು ಗದ್ದಲಗಳು ಏಳುತ್ತವೆ. ಒಂದು ಗುಂಪು ಗೆದ್ದೆತ್ತಿನ ಬಾಲ ಹಿಡಿದು, ಹೊಸ ಯುಗವೇ ಆರಂಭವಾಯಿತು ಎನ್ನುತ್ತದೆ. ಇನ್ನೊಂದು ಗುಂಪು, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅದೃಷ್ಟದ ಗುದ್ದು ಎಂದು ಕೈತೊಳೆದುಕೊಳ್ಳುತ್ತದೆ. ರಹ್ಮಾನ್ ವಿಷಯದಲ್ಲಿ ಮೂರನೆಯದೊಂದು ಸೆಳೆತವೂ ಇದೆ. ಅವರ ಹೆಸರು ಕೇಳಿದೊಡನೆ ಮುಹಮ್ಮದ್ ಅಲಿಯ ನೆನಪಾಗಿ, ಆ ಪರಂಪರೆಗೆ ಇನ್ನೊಬ್ಬ ವಾರಸುದಾರ ಸಿಕ್ಕನೆಂದು ಹಿಗ್ಗುವುದು ನಮ್ಮಂಥವರಿಗೆ ಸುಲಭ. ಮುಖ ನೋಡಿ ಮಣೆ ಹಾಕುವುದು ತಪ್ಪಾದರೆ ಹೆಸರು ನೋಡಿ ಮಣೆ ಹಾಕುವುದೂ ತಪ್ಪೇ. ಹಾಗಾದರೆ ಈ ಮನುಷ್ಯನ ನಿಜವಾದ ಸಾಮರ್ಥ್ಯ ಎಷ್ಟು? ಅದನ್ನು ಅಳೆಯುವುದು ಹೇಗೆ?

ಮೊದಲು ಸೋತವರ ಕಡೆ ನೋಡೋಣ. ಲೂಯಿಸ್ ಆ ಪಂದ್ಯಕ್ಕೆ ಸುಮಾರು 115 ಕಿಲೋ ತೂಗುತ್ತಿದ್ದರು. ಅದುವರೆಗಿನ ಅವರ ವೃತ್ತಿಜೀವನದಲ್ಲಿ ಅದೇ ಅತಿ ಹೆಚ್ಚಿನ ತೂಕ. ಪಂದ್ಯ ನಡೆದ ಜಾಗ ಸಮುದ್ರಮಟ್ಟಕ್ಕಿಂತ ಒಂದೂವರೆ ಸಾವಿರ ಮೀಟರಿಗೂ ಎತ್ತರದಲ್ಲಿತ್ತು. ಅಲ್ಲಿನ ತೆಳುಗಾಳಿಗೆ ಶ್ವಾಸಕೋಶ ಒಗ್ಗಲು ವಾರಗಳೇ ಬೇಕು. ರಹ್ಮಾನ್ ಬೇಗ ಬಂದು ಅಲ್ಲಿಯೇ ಬೆವರು ಸುರಿಸಿದರು. ಲೂಯಿಸ್ ಹಾಲಿವುಡ್‌ನ ‘ಓಷನ್ಸ್ ಇಲೆವೆನ್’ ಚಿತ್ರದಲ್ಲಿ ಸಣ್ಣ ಪಾತ್ರ ಮಾಡಿ ಮುಗಿಸಿ, ತಡವಾಗಿ ಬಂದರು. ಕೆಲವೇ ಸುತ್ತುಗಳಲ್ಲಿ ಬಾಯಿ ತೆರೆದು ಉಸಿರಾಡತೊಡಗಿದ್ದರು. ಕೊನೆಯ ಗುದ್ದು ಬಿದ್ದಾಗ ಅವರು ಹಗ್ಗದ ಬಳಿ ಕೈಗಳನ್ನು ಕೆಳಗಿಳಿಸಿ ನಿಂತಿದ್ದರು. ಇದಿಷ್ಟನ್ನೇ ಓದಿದರೆ ಗೆದ್ದದ್ದು ರಹ್ಮಾನ್ ಅಲ್ಲ, ಸೋತದ್ದು ಲೂಯಿಸ್ ಎಂದು ಹೇಳಿ ಮುಗಿಸಬಹುದು.

ಆದರೆ ಕಾಗೆ ಕೂತ ಕೊಂಬೆಯಲ್ಲಿ ಮೊದಲೇ ಬಿರುಕಿತ್ತು ಎಂಬುದನ್ನು ಮರೆಯಬಾರದು. 1994ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಇದೇ ಲೂಯಿಸ್‌ರನ್ನು ಆಲಿವರ್ ಮೆಕಾಲ್ ಎರಡನೇ ಸುತ್ತಿನಲ್ಲಿ ಇಂಥದೇ ಬಲಗೈ ಗುದ್ದಿನಿಂದ ಬೀಳಿಸಿದ್ದರು. ಅಂದು ಮೆಕಾಲ್‌ರ ತರಬೇತುದಾರರಾಗಿದ್ದ ಇಮ್ಯಾನುಯೆಲ್ ಸ್ಟುವರ್ಡ್‌ರನ್ನೇ ಲೂಯಿಸ್ ಆಮೇಲೆ ತಮ್ಮ ಗುರುವಾಗಿ ಇಟ್ಟುಕೊಂಡರು. ತಮ್ಮ ದೋಷ ಬಲ್ಲವನೇ ಅದನ್ನು ತಿದ್ದಲಿ ಎಂಬ ವಿವೇಕ ಅದು. ಆ ದೋಷ ಬಹುಮಟ್ಟಿಗೆ ತಿದ್ದಿಯೂ ಹೋಗಿತ್ತು. ಮೈಮರೆತ ದಿನ ಮಾತ್ರ ಅದು ಹಿಂತಿರುಗಿ ಬಂತು. ಇದ್ದ ದೌರ್ಬಲ್ಯವನ್ನು ಗುರಿಮಾಡಿ, ಅದಕ್ಕಾಗಿ ಅಭ್ಯಾಸ ಮಾಡಿ, ಅವಕಾಶ ಕಂಡ ಕ್ಷಣದಲ್ಲಿ ಪೂರ್ತಿ ಬಲದಿಂದ ಹೊಡೆಯುವುದನ್ನು ಅದೃಷ್ಟ ಎನ್ನಲಾಗದು. ಬಾಗಿಲು ತೆರೆದಿದ್ದರೂ ಒಳಹೊಕ್ಕವರು ಕಡಿಮೆ. ಲೂಯಿಸ್ ತಮ್ಮ ಇಡೀ ವೃತ್ತಿಯಲ್ಲಿ ಸೋತದ್ದು ಈ ಎರಡೇ ಸಲ.

ಈಗ ಗೆದ್ದವರ ಹಳೆಯ ಕಡತ. ರಹ್ಮಾನ್ ಆ ಪಂದ್ಯಕ್ಕೆ ಮುನ್ನ ಎರಡು ಸಲ ಸೋತಿದ್ದರು. 1998ರಲ್ಲಿ ಡೇವಿಡ್ ಟುವಾ ಎದುರು ಅಂಕಗಳಲ್ಲಿ ಮುಂದಿದ್ದರು. ಒಂಬತ್ತನೇ ಸುತ್ತಿನ ಗಂಟೆ ಬಾರಿಸಿದ ಮೇಲೆ ಬಿದ್ದ ಗುದ್ದಿನಿಂದ ತತ್ತರಿಸಿ, ಹತ್ತನೆಯದರಲ್ಲಿ ಸೋತರು. 1999ರಲ್ಲಿ ಓಲೆಗ್ ಮಸ್ಕಾಯೆವ್ ಎದುರೂ ಮುಂದಿದ್ದರು. ಎಂಟನೇ ಸುತ್ತಿನ ಒಂದು ಗುದ್ದು ಅವರನ್ನು ಹಗ್ಗಗಳ ನಡುವಿನಿಂದ ಕಣದ ಹೊರಗೇ ಎಸೆಯಿತು. 2000ದಲ್ಲಿ ಕೊರಿ ಸ್ಯಾಂಡರ್ಸ್ ಎದುರು ಕೆಳಗೆ ಬಿದ್ದರೂ ಎದ್ದು ಏಳನೇ ಸುತ್ತಿನಲ್ಲಿ ಗೆದ್ದರು. ಈ ಸ್ಯಾಂಡರ್ಸ್ 2003ರಲ್ಲಿ ವ್ಲಾದಿಮಿರ್ ಕ್ಲಿಚ್ಕೊರನ್ನು ಎರಡೇ ಸುತ್ತಿನಲ್ಲಿ ಮುಗಿಸಿದವರು ಎಂಬುದನ್ನು ನೆನೆದರೆ ಆ ಗೆಲುವಿನ ಬೆಲೆ ತಿಳಿಯುತ್ತದೆ.

ಈ ಮೂರು ಪಂದ್ಯಗಳು ಬ್ರಾಕ್‌ಪಾನ್‌ನ ಒಂದು ಗುದ್ದಿಗಿಂತ ಹೆಚ್ಚನ್ನು ಹೇಳುತ್ತವೆ. ಗಟ್ಟಿಯಾದ ಎಡಗೈ ಜ್ಯಾಬ್, ಭಾರವಾದ ಬಲಗೈ, ಬಿದ್ದರೆ ಏಳುವ ಛಲ ಇವರಲ್ಲಿದ್ದವು. ಮೊದಲ ದರ್ಜೆಯವರೊಡನೆ ಸುತ್ತುಗಟ್ಟಲೆ ಸರಿಸಮನಾಗಿ ನಿಲ್ಲುವ ಶಕ್ತಿಯೂ ಇತ್ತು. ಜೊತೆಗೆ, ಕೈಯಲ್ಲಿದ್ದ ಪಂದ್ಯವನ್ನು ಒಂದು ಕ್ಷಣದಲ್ಲಿ ಕಳೆದುಕೊಳ್ಳುವ ದೌರ್ಬಲ್ಯವೂ ಇತ್ತು. ಇಪ್ಪತ್ತಕ್ಕೆ ಒಂದು ಎಂದು ಬೆಲೆ ಕಟ್ಟಿದವರು ಈ ಕಡತದಲ್ಲಿ ಸೋಲಿನ ಅಂಕಿ ನೋಡಿದರೇ ಹೊರತು ಸೋಲು ಹೇಗೆ ಬಂತೆಂದು ನೋಡಲಿಲ್ಲ.

ಇಲ್ಲಿ ಇನ್ನೊಂದು ಪ್ರಸಿದ್ಧ ಗೆಲುವನ್ನು ಪಕ್ಕದಲ್ಲಿಟ್ಟು ನೋಡಬೇಕು. 1990ರ ಫೆಬ್ರವರಿ 11ರಂದು ಟೋಕಿಯೊದಲ್ಲಿ ಜೇಮ್ಸ್ ‘ಬಸ್ಟರ್’ ಡಗ್ಲಸ್, 37 ಪಂದ್ಯಗಳಲ್ಲಿ ಸೋಲನ್ನೇ ಕಾಣದಿದ್ದ ಮೈಕ್ ಟೈಸನ್‌ರನ್ನು ಹತ್ತನೇ ಸುತ್ತಿನಲ್ಲಿ ಕೆಡವಿದರು. ಡಗ್ಲಸ್ ಮೇಲಿನ ಬಾಜಿ ನಲವತ್ತೆರಡಕ್ಕೆ ಒಂದು. ತಾಯಿಯನ್ನು ಕಳೆದುಕೊಂಡು ಅವರಿಗೆ ಒಂದು ತಿಂಗಳೂ ಆಗಿರಲಿಲ್ಲ. ಆ ರಾತ್ರಿಯ ಗೆಲುವು ಒಂದು ಗುದ್ದಿನದಲ್ಲ. ಮೊದಲ ಸುತ್ತಿನಿಂದಲೇ ಉದ್ದನೆಯ ಜ್ಯಾಬ್‌ನಿಂದ ಟೈಸನ್‌ರನ್ನು ದೂರವಿಟ್ಟು, ಎಂಟನೇ ಸುತ್ತಿನಲ್ಲಿ ತಾವೇ ಕೆಳಗೆ ಬಿದ್ದು, ಎದ್ದು, ಮತ್ತೆ ಹೊಡೆದು ಗೆದ್ದರು. ಆಶ್ಚರ್ಯವೆಂದರೆ ಆ ಗಳಿಗೆಯವರೆಗಿನ ತೀರ್ಪುಗಾರರ ಚೀಟಿಗಳಲ್ಲಿ ಒಬ್ಬರು ಡಗ್ಲಸ್ ಮುಂದು, ಒಬ್ಬರು ಟೈಸನ್ ಮುಂದು, ಒಬ್ಬರು ಸಮ ಎಂದು ಬರೆದಿದ್ದರು. ಹೆಸರಿನ ಭಾರ ಕಣದ ಅಂಚಿನಲ್ಲಿ ಕುಳಿತವರ ಕಣ್ಣನ್ನೂ ಮಂಜಾಗಿಸುತ್ತದೆ.

ಎಂಟು ತಿಂಗಳ ಬಳಿಕ ಡಗ್ಲಸ್ ಸುಮಾರು ಆರೂವರೆ ಕಿಲೋ ಹೆಚ್ಚು ತೂಕ ಹೊತ್ತು ಇವಾಂಡರ್ ಹೋಲಿಫೀಲ್ಡ್ ಎದುರು ನಿಂತರು. ಮೂರನೇ ಸುತ್ತಿನಲ್ಲೇ ಕಥೆ ಮುಗಿಯಿತು. ಹಾಗೆಂದು ಟೋಕಿಯೊದ ರಾತ್ರಿ ಸುಳ್ಳಾಯಿತೇ? ಇಲ್ಲ. ಒಬ್ಬ ಮನುಷ್ಯ ಏರಬಲ್ಲ ಎತ್ತರ ಒಂದು, ಅವನು ದಿನನಿತ್ಯ ನಿಲ್ಲುವ ನೆಲ ಇನ್ನೊಂದು. ಡಗ್ಲಸ್ ಅಂದು ಮುಟ್ಟಿದ ಎತ್ತರ ರಹ್ಮಾನ್ ಎಂದೂ ಮುಟ್ಟಿದ್ದಕ್ಕಿಂತ ದೊಡ್ಡದು. ಆದರೆ ನಿಲ್ಲುವ ನೆಲದ ಗಟ್ಟಿತನ ರಹ್ಮಾನ್‌ರದೇ ಹೆಚ್ಚು.

ಇದಕ್ಕೆ ಮುಂದಿನ ವರ್ಷಗಳೇ ಸಾಕ್ಷಿ. 2002ರಲ್ಲಿ ಹೋಲಿಫೀಲ್ಡ್ ಎದುರು ಹಣೆ ಊದಿಕೊಂಡು ರಹ್ಮಾನ್ ಸೋತರು. 2003ರಲ್ಲಿ ಟುವಾ ಜೊತೆ ಪಂದ್ಯ ಸಮವಾಯಿತು, ಜಾನ್ ರೂಯಿಜ್ ಎದುರು ಸೋಲಾಯಿತು. ಇಷ್ಟಾದ ಮೇಲೂ 2005ರಲ್ಲಿ ಮಾಂಟಿ ಬ್ಯಾರೆಟ್‌ರನ್ನು ಸೋಲಿಸಿ ಮಧ್ಯಂತರ ಪಟ್ಟ ಗೆದ್ದರು. ವಿಟಾಲಿ ಕ್ಲಿಚ್ಕೊ ಅದೇ ವರ್ಷ ನಿವೃತ್ತರಾದಾಗ ಮತ್ತೆ ಪೂರ್ಣ ಚಾಂಪಿಯನ್ ಆದರು. 2006ರ ಆಗಸ್ಟಿನಲ್ಲಿ ಹಳೆಯ ಎದುರಾಳಿ ಮಸ್ಕಾಯೆವ್ ಹನ್ನೆರಡನೇ ಸುತ್ತಿನಲ್ಲಿ ಅದನ್ನು ಕಸಿದುಕೊಂಡರು. ಉಳಿದ ಮೂರು ಪಟ್ಟಗಳು ಹಿಂದಿನ ಸೋವಿಯತ್ ನಾಡಿನವರ ಕೈಯಲ್ಲಿದ್ದುದರಿಂದ, ಆ ಪಂದ್ಯವನ್ನು ಮಾರಿದವರು ರಹ್ಮಾನ್‌ರನ್ನು ಅಮೆರಿಕದ ಕೊನೆಯ ರಕ್ಷಣಾಗೋಡೆ ಎಂದು ಬಿಂಬಿಸಿದ್ದರು. ಇರಾಕ್ ಯುದ್ಧದ ಆ ದಿನಗಳಲ್ಲಿ ಒಬ್ಬ ಮುಸ್ಲಿಮನಿಗೆ ಈ ಬಿರುದು! ಅತ್ತ ಪರಕೀಯನೆಂದು ತೋರಿಸಲಾದ ಮಸ್ಕಾಯೆವ್ ಅಷ್ಟರಲ್ಲಿ ಅಮೆರಿಕದ ಪೌರತ್ವ ಪಡೆದಾಗಿತ್ತು. ಟಿಕೆಟ್ ಮಾರುವವರಿಗೆ ಬೇಕಾದದ್ದು ಒಂದು ಹಣೆಪಟ್ಟಿ. ಅದರ ಹಿಂದಿನ ಮನುಷ್ಯನನ್ನು ಅವರು ನೋಡುವುದಿಲ್ಲ.

ಹಣೆಪಟ್ಟಿಯ ಅನ್ಯಾಯಕ್ಕೆ ದೊಡ್ಡ ಉದಾಹರಣೆ ಮುಹಮ್ಮದ್ ಅಲಿಯವರದೇ. 1964ರ ಫೆಬ್ರವರಿ 25ರಂದು ಮಯಾಮಿ ಬೀಚ್‌ನಲ್ಲಿ 22 ವರ್ಷದ ಕ್ಯಾಷಿಯಸ್ ಕ್ಲೇ, ಏಳಕ್ಕೆ ಒಂದರ ಬಾಜಿಯ ಎದುರು ಸನ್ನಿ ಲಿಸ್ಟನ್‌ರನ್ನು ಸೋಲಿಸಿದರು. ಏಳನೇ ಸುತ್ತಿಗೆ ಲಿಸ್ಟನ್ ಆಸನದಿಂದ ಏಳಲೇ ಇಲ್ಲ. ಭುಜ ನೋವಿನ ಮಾತು, ಪಂದ್ಯ ಮೊದಲೇ ನಿಗದಿಯಾಗಿತ್ತೆಂಬ ಗುಸುಗುಸು ಎಲ್ಲವೂ ಬಂದವು. ಮರುದಿನದಿಂದ ಚರ್ಚೆ ಅವರ ಕಾಲ್ಚಳಕದಿಂದ ಅವರ ಧರ್ಮಕ್ಕೆ ಜಾರಿತು. ಅನೇಕ ಪತ್ರಿಕೆಗಳು ವರ್ಷಗಟ್ಟಲೆ ಅವರ ಹೊಸ ಹೆಸರನ್ನು ಅಚ್ಚುಮಾಡಲೂ ಒಪ್ಪಲಿಲ್ಲ. ಹೆಸರಿನ ಮೇಲಿನ ಸಿಟ್ಟು ಅವರ ಆಟವನ್ನು ನೋಡಲು ಬಿಡಲಿಲ್ಲ. ಆದರೆ ಆ ಮೊದಲ ಪಂದ್ಯದಲ್ಲೇ ಎಲ್ಲವೂ ಕಣ್ಣೆದುರಿಗಿತ್ತು: ಲಿಸ್ಟನ್‌ರ ಗುದ್ದುಗಳು ಗಾಳಿಯಲ್ಲಿ ಹೋಗುತ್ತಿದ್ದವು, ಕ್ಲೇಯವರವು ಮುಖಕ್ಕೆ ತಾಗುತ್ತಿದ್ದವು. ಅಂದು ಕಣ್ಣಿಟ್ಟು ನೋಡಿದವನಿಗೆ 1974ರ ಝಾಯಿರ್‌ವರೆಗೆ ಕಾಯುವ ಅಗತ್ಯವಿರಲಿಲ್ಲ.

ಅಂದು ಸಿಟ್ಟಿನಿಂದ ನಡೆದ ಅನ್ಯಾಯವನ್ನು ಇಂದು ಅಭಿಮಾನದಿಂದ ನಡೆಸಿದರೆ ಅದೂ ಅನ್ಯಾಯವೇ. ರಹ್ಮಾನ್ ಅಲಿಯಲ್ಲ. ಅಲಿಯ ಪಕ್ಕದಲ್ಲಿ ನಿಲ್ಲಿಸಿದರೆ ಅವರ ನಿಜವಾದ ಸಾಧನೆಯೂ ಸಣ್ಣದಾಗಿ ಕಾಣುತ್ತದೆ. ಅವರು ತಮ್ಮ ಕಾಲದ ಹೆವಿವೇಟ್‌ಗಳಲ್ಲಿ ಮೊದಲ ಹತ್ತರಲ್ಲಿ ನಿಲ್ಲಬಲ್ಲ, ಯಾರನ್ನೂ ಒಂದು ದಿನ ಕೆಡವಬಲ್ಲ, ಆದರೆ ಶ್ರೇಷ್ಠರನ್ನು ಮತ್ತೆ ಮತ್ತೆ ಗೆಲ್ಲಲಾರದ ಬಾಕ್ಸರ್. ಬ್ರಾಕ್‌ಪಾನ್‌ನ ಗೆಲುವು ಅವರ ಸಾಮರ್ಥ್ಯಕ್ಕೆ ಮೀರಿದ್ದಲ್ಲ. ಇದ್ದ ಸಾಮರ್ಥ್ಯ ಪೂರ್ತಿಯಾಗಿ ಕೈಗೆ ಬಂದ ದಿನ ಅದು. ಲಾಸ್ ವೇಗಾಸ್‌ನ ಸೋಲೂ ಅದನ್ನು ಅಳಿಸುವುದಿಲ್ಲ. ಸುಮಾರು ಮೂರು ಕಿಲೋ ಇಳಿಸಿ, ಮೈಯೆಲ್ಲ ಕಣ್ಣಾಗಿ ಬಂದ ಲೂಯಿಸ್ ಎಷ್ಟು ದೊಡ್ಡವರು ಎಂಬುದನ್ನಷ್ಟೇ ಅದು ಹೇಳುತ್ತದೆ.

2019ರ ಜೂನ್‌ನಲ್ಲಿ ಆಂಡಿ ರೂಯಿಜ್ ನ್ಯೂಯಾರ್ಕ್‌ನಲ್ಲಿ ಆಂಥನಿ ಜೋಶುವಾರನ್ನು ಏಳನೇ ಸುತ್ತಿನಲ್ಲಿ ಸೋಲಿಸಿದಾಗಲೂ ಇವೇ ಎರಡು ಗದ್ದಲಗಳು ಎದ್ದವು. ಡಿಸೆಂಬರ್‌ನಲ್ಲಿ ಸೌದಿ ಅರೇಬಿಯದ ಮರುಪಂದ್ಯಕ್ಕೆ ರೂಯಿಜ್ ಏಳು ಕಿಲೋದಷ್ಟು ಹೆಚ್ಚು ತೂಕದೊಡನೆ ಬಂದು ಅಂಕಗಳಲ್ಲಿ ಸೋತರು. ಮುಂದೆಯೂ ಇಂಥ ರಾತ್ರಿಗಳು ಬರುತ್ತವೆ. ಆಗ ಕೊನೆಯ ಗುದ್ದಿನ ತುಣುಕನ್ನೇ ಹತ್ತು ಸಲ ನೋಡುವ ಬದಲು ಅದಕ್ಕೆ ಮುಂಚಿನ ಸುತ್ತುಗಳನ್ನು ಒಮ್ಮೆ ನೋಡಿ. ಗೆದ್ದವನು ಹಿಂದೆ ಸೋತದ್ದು ಹೇಗೆ, ಸೋತವನು ಹಿಂದೆ ಬಿದ್ದದ್ದು ಯಾವ ಗುದ್ದಿಗೆ ಎಂದು ಕೇಳಿ. ಉತ್ತರ ಅಷ್ಟರಲ್ಲೇ ಬಹುಮಟ್ಟಿಗೆ ಸಿಕ್ಕಿರುತ್ತದೆ. ಉಳಿದದ್ದನ್ನು ಮುಂದಿನ ಪಂದ್ಯ ಹೇಳುತ್ತದೆ.