ಕೌದಳ್ಳಿ ತಲುಪದ ಸೂಜುಮಲ್ಲಿಗೆ

‘ಸೋಜುಗಾದ ಸೂಜುಮಲ್ಲಿಗೆ’ಯನ್ನು ಈಗ ಹೊಗಳದವರೇ ಇಲ್ಲ. ಈಶಾ ಫೌಂಡೇಶನ್ನಿನ ಶಿವರಾತ್ರಿ ವೇದಿಕೆಯಲ್ಲಿ ಅನನ್ಯಾ ಭಟ್ ಹಾಡಿದರು. 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ಅದು ಚೈತ್ರಾ ಆಚಾರ್ ದನಿಯಲ್ಲಿ, ಕೊಂದು ಬಂದವನ ಹುಲಿಕುಣಿತಕ್ಕೆ ಜತೆಯಾಯಿತು. ಅಲ್ಲಿಂದಾಚೆಗೆ ಅದನ್ನು ಹಂಚುವುದೇ ಒಂದು ಚಟ. ಬೆಳಗಾದರೆ ಸ್ಟೇಟಸ್ಸು, ರಾತ್ರಿಯಾದರೆ ರೀಲ್ಸು. ಮುಖ ಕಾಣದವರಿಗೆ ಕಳಿಸಿ, ಎಷ್ಟು ಜನ ಮೆಚ್ಚಿದರೆಂದು ಗಳಿಗೆಗೊಮ್ಮೆ ಫೋನ್ ನೋಡುವುದು. ಕೊಳ್ಳೇಗಾಲ ಸೀಮೆಯ ಹಾಡು ಜಗತ್ತನ್ನೇ ಗೆದ್ದಿತು ಎನ್ನುತ್ತಾರೆ. ಗೆದ್ದಿರುವುದು ಹಾಡಿನ ಮೊದಲ ನುಡಿ ಮಾತ್ರ ಎಂಬುದು ನನ್ನ ತಕರಾರು.

ಹಾಡಿನ ದೇವರು ಮಲೆ ಮಹದೇಶ್ವರ, ಜನರ ಬಾಯಲ್ಲಿ ಮಾದಪ್ಪ, ಮಾದಯ್ಯ. ಅವನ ಕಥೆ ಹಾಡುವವರು ಬಡಿಯುವ ಕಂಸಾಳೆ ಎಂಬ ತಾಳ, ಆ ಕಥೆಯ ಸಾಲುಗಳು, ಅವನ ಎಪ್ಪತ್ತೇಳು ಮಲೆ ಎಲ್ಲ ಬೇರೆಯೇ ಮಾತು. ಅವನ್ನು ಬಿಟ್ಟು ಹಾಡನ್ನೇ ಹಿಡಿಯೋಣ.

ಮೊದಲ ಭಾಗದ ತುಂಬ ಹೂವು, ಪತ್ರೆ. ಮಲ್ಲಿಗೆ, ತಾವರೆ, ಬಿಲ್ವ, ತುಳಸಿ ಎಲ್ಲವೂ ದೇವರ ಪೂಜೆಗೆ ಏರುವಂಥವು. ರೀಲ್ಸಿನ ಅರ್ಧ ನಿಮಿಷ ಮುಗಿಯುವುದು ಇಲ್ಲಿಗೇ. ಆಮೇಲೆ ಹಾಡು ಅಡುಗೆಮನೆಗೆ ಇಳಿಯುತ್ತದೆ: ಪಾತ್ರೆ ಬೆಳಗಿ, ತುಪ್ಪ ಕಾಯಿಸಿ, ಕಿತ್ತಳೆ ಹಣ್ಣು ತಂದದ್ದು ನುಗ್ಗಾಡಿ ಬರುವ ಜನಜಂಗುಳಿಗೆ. ಇನ್ನೊಂದು ನುಡಿಯಲ್ಲಿ ಬೆಟ್ಟ ಹತ್ತುವವರಿಗೆ ಹಿಂದೆ ಬಿಟ್ಟ ಹಟ್ಟಿಯ ಹಂಬಲ ಯಾಕೆ ಎಂಬ ಮಾತು ಬರುತ್ತದೆ. ಅಷ್ಟಾದ ಮೇಲೆ ನನ್ನ ಮಟ್ಟಿಗೆ ಇಡೀ ಹಾಡನ್ನು ಹೊತ್ತು ನಿಂತ ನುಡಿ: ಮಾದಯ್ಯನ ಪರುಸೆ, ಅಂದರೆ ಅವನ ಬೆಟ್ಟಕ್ಕೆ ಹೊರಟ ಜನ, ಹುಚ್ಚೆಳ್ಳು ಹೂವಿನ ಹಾಗೆ ಕೌದಳ್ಳಿ ಕಣಿವೆಯಲ್ಲಿ ಹೆಚ್ಚುತ್ತಿದೆ.

ಈ ಹೋಲಿಕೆಯನ್ನು ಸುಮ್ಮನೆ ದಾಟಬಾರದು. ಹುಚ್ಚೆಳ್ಳು ತೋಟದ ಹೂವಲ್ಲ. ಮಳೆ ನಂಬಿದ ಹೊಲದಲ್ಲಿ ಎಣ್ಣೆಕಾಳಿಗೆಂದು ಚೆಲ್ಲುವ ಬೆಳೆ. ಒಂದೇ ಹೂವನ್ನು ಕಿತ್ತು ನೋಡಿದರೆ ಅದರಲ್ಲೇನೂ ಇಲ್ಲ. ಹೊಲವೆಲ್ಲ ಒಟ್ಟಿಗೆ ಅರಳಿದಾಗ ಕಣ್ಣು ಹಾಯುವಷ್ಟು ದೂರ ಹಳದಿ. ಮೊದಲ ನುಡಿಯಲ್ಲಿ ದೇವರ ಮಂಡೆಯ ಮೇಲಿದ್ದ ಹೂವು ಇಲ್ಲಿಗೆ ಬರುವಾಗ ಜನವಾಗಿದೆ. ಪೂಜೆಗೆ ತಂದ ಹೂವಿನಿಂದ ಹೊರಟು, ತಂದವರನ್ನೇ ಹೂವೆಂದು ನೋಡುವವರೆಗಿನ ಈ ನಡಿಗೆಯಲ್ಲಿದೆ ಹಾಡಿನ ಕಟ್ಟು. ಬರೆದ ಕವಿಯೊಬ್ಬ ಇದನ್ನು ಯೋಜಿಸಿದ್ದರೆ ನಾವು ಪುಟಗಟ್ಟಲೆ ಬರೆಯುತ್ತಿದ್ದೆವು. ಜನಪದರದು ಎಂದೊಡನೆ ‘ಮುಗ್ಧತೆ’ ಎಂದು ಮುಗಿಸಿಬಿಡುತ್ತೇವೆ.

ಕೌದಳ್ಳಿ ಪ್ರಾಸಕ್ಕೆ ಬಿದ್ದ ಊರೂ ಅಲ್ಲ. ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಹೊರಟರೆ ಕಾಮಗೆರೆ, ಹನೂರು, ಆಮೇಲೆ ಕೌದಳ್ಳಿ, ಅದಾದ ಮೇಲೆ ತಾಳಬೆಟ್ಟದ ಏರು. ದೀಪಾವಳಿ, ಶಿವರಾತ್ರಿ, ಯುಗಾದಿಗೆ ಕಾಮಗೆರೆಯ ರಸ್ತೆಬದಿಯಲ್ಲಿ ನಿಂತವರಿಗೆ ಈ ಪರುಸೆ ಗೊತ್ತು: ತಲೆಯ ಮೇಲೆ ಗಂಟು, ಬರಿಗಾಲು, ‘ಉಘೇ ಮಾದಪ್ಪ’. ಕಾಮಗೆರೆಯಲ್ಲಿ ಹಿಡಿಯಷ್ಟಿದ್ದವರು ಕಣಿವೆ ಸೇರುವಾಗ ಸಾವಿರವಾಗುತ್ತಾರೆ. ಇಯರ್‌ಫೋನಿನೊಳಗೆ ಒಬ್ಬೊಬ್ಬರೇ ಕೇಳುವ ‘ಮನಶ್ಶಾಂತಿ’ಯ ತುಣುಕಿಗೆ ಈ ಜನ ಬೇಕಾಗಿಲ್ಲ. ಪೂರ್ತಿ ಹಾಡಿನಲ್ಲಿ ಅನನ್ಯಾ ಕೌದಳ್ಳಿಯನ್ನು ಹಾಡಿದ್ದಾರೆ, ಚೆನ್ನಾಗಿಯೇ ಹಾಡಿದ್ದಾರೆ. ಅದನ್ನು ಕತ್ತರಿಸಿದವರು ಹಂಚುವವರು. ನನ್ನ ಫೋನಿಗೆ ಬಂದ ತುಣುಕುಗಳಲ್ಲಿ ಒಂದೂ ಆ ಕಣಿವೆ ಮುಟ್ಟಿರಲಿಲ್ಲ.

ಇಲ್ಲಿ ಶುದ್ಧ ಜಾನಪದದ ಕಾವಲುಗಾರರು ನನ್ನ ಪಕ್ಕ ಬಂದು ನಿಲ್ಲುವುದು ಬೇಡ. ಲಯ ನಿಧಾನವಾಯಿತು, ಕಂಸಾಳೆಯ ಪೆಟ್ಟು ಹೋಗಿ ಕೀಬೋರ್ಡಿನ ಗುಂಯ್‌ಗುಡುವಿಕೆ ಬಂತು, ಹಾಡು ಕೆಟ್ಟಿತು ಎಂಬುದು ಅವರ ಗೋಳು. 1996ರಲ್ಲಿ ನಾಗಾಭರಣರ ‘ಜನುಮದ ಜೋಡಿ’ ಚಿತ್ರಕ್ಕೆ ವಿ. ಮನೋಹರ್ ಮಾದಪ್ಪನದೇ ‘ಕೋಲುಮಂಡೆ’ ಹಾಡನ್ನು ತಂದು, ಎಲ್.ಎನ್. ಶಾಸ್ತ್ರಿ ಹಾಡಿದಾಗ ಎಲ್ಲರೂ ತಲೆದೂಗಿದ್ದೆವಲ್ಲ? ವಾದ್ಯ ಬದಲಾದರೆ ಹಾಡು ಸಾಯುವುದಿಲ್ಲ. ಬೆಟ್ಟಕ್ಕೆ ನಡೆಯುವವರು ತಾಳವೇ ಇಲ್ಲದೆ ಏದುಸಿರಿನಲ್ಲೂ ಹಾಡಿಕೊಳ್ಳುತ್ತಾರೆ. ಈ ಕಾವಲುಗಾರರೂ ಕೌದಳ್ಳಿ ನುಡಿಯ ಬಗ್ಗೆ ಚಕಾರವೆತ್ತಿಲ್ಲ. ಅವರ ಜಗಳವೂ ಮೊದಲ ಅರ್ಧ ನಿಮಿಷದ ಮೇಲೆಯೇ.

ಇನ್ನು ‘ಇಂಟರ್ನೆಟ್ಟು ಜಾನಪದ ಉಳಿಸಿತು’ ಎನ್ನುವವರು. ಗುರುತಿಲ್ಲದವರಿಗೆ ಹಾಡು ಹಂಚುವುದು ಫೋನು ಕಲಿಸಿದ ವಿದ್ಯೆಯಲ್ಲ. ಮಾದಪ್ಪನ ಹೆಸರಲ್ಲಿ ದೀಕ್ಷೆ ಪಡೆದು ಕಥೆ ಹಾಡುವ ದೇವರಗುಡ್ಡ ಜೋಳಿಗೆ ಹಾಕಿಕೊಂಡು ಕಂಡರಿಯದವರ ಬಾಗಿಲಲ್ಲಿ ಹಾಡುತ್ತಾನೆ. ಬೇಡವಾದರೆ ಮುಂದಕ್ಕೆ ಹೋಗಪ್ಪ ಎನ್ನಬಹುದು. ಬೇಕೆಂದು ಕೂರಿಸಿಕೊಂಡರೆ ಕಥೆ ರಾತ್ರಿಯೆಲ್ಲ ನಡೆಯುತ್ತದೆ, ಹಿಮ್ಮೇಳ ಸೊಲ್ಲು ಎತ್ತಿಕೊಳ್ಳುತ್ತದೆ, ಕೇಳುವವನು ಹೂಂಗುಡುತ್ತಾನೆ. ಅಲ್ಲಿ ಹಂಚಿದವನೂ ಕೇಳಿದವನೂ ಬೆಳಗಿನವರೆಗೆ ಒಂದೇ ಜಗಲಿಯಲ್ಲಿರುತ್ತಾರೆ. ಫೋನಿನಲ್ಲಾದರೆ ಕಳಿಸಿದವನೇ ಪೂರ್ತಿ ಕೇಳಿರುವುದಿಲ್ಲ.

ಹಂಚಬೇಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅರ್ಧ ನಿಮಿಷವೇ ಸಾಕು ಎನ್ನುವುದಾದರೆ ಮಲ್ಲಿಗೆಯ ನುಡಿಯನ್ನು ಬಿಟ್ಟು ಹುಚ್ಚೆಳ್ಳಿನ ನುಡಿಯನ್ನು ಕತ್ತರಿಸಿ ಕಳಿಸಿ.