‘ಫುಲ್ ಫ್ರೇಮ್’ ಎಂಬ ಹೆಸರು ಮತ್ತು ಅದರ ಹಿಂದಿನ ಭೌತವಿಜ್ಞಾನ

ಕ್ಯಾಮೆರಾ ಕೊಳ್ಳುವವರಿಗಾಗಿ ಬರೆದ ಮಾರ್ಗದರ್ಶಿ ಲೇಖನಗಳಿಗೆ ಈಗ ಕೊರತೆಯಿಲ್ಲ. ಅವುಗಳಲ್ಲಿ ಬಹುಪಾಲು ಒಂದೇ ಧಾಟಿಯಲ್ಲಿ ಸಾಗುತ್ತವೆ: ಛಾಯಾಗ್ರಹಣದಲ್ಲಿ ನಿಮಗೆ ನಿಜವಾದ ಆಸಕ್ತಿಯಿದ್ದರೆ ಫುಲ್ ಫ್ರೇಮ್ ಕ್ಯಾಮೆರಾ ಕೊಳ್ಳಿ, ಅನಂತರ ಇಂತಿಷ್ಟು ಪರಿಕರಗಳನ್ನು ಸೇರಿಸಿಕೊಳ್ಳಿ. ಈ ಸಲಹೆಯನ್ನು ನಂಬಿ, ಶಾಲೆಯ ವಿಜ್ಞಾನ ಸಂಘಕ್ಕೋ ಕಾಲೇಜಿನ ವಿಭಾಗಕ್ಕೋ ದೊರೆತ ಅಲ್ಪ ಅನುದಾನವನ್ನೆಲ್ಲ ಕ್ಯಾಮೆರಾದ ಮೇಲೆ ಸುರಿದರೆ ಏನಾಗುತ್ತದೆ? ಒಳ್ಳೆಯ ಲೆನ್ಸಿಗೆ ಹಣ ಉಳಿಯುವುದಿಲ್ಲ. ದುಬಾರಿ ವಸ್ತುವೆಂದು ಕ್ಯಾಮೆರಾ ಬೀರು ಸೇರುತ್ತದೆ. ವಿದ್ಯಾರ್ಥಿಗಳ ಕೈಗೆ ಅದು ಸಿಗುವುದೇ ಇಲ್ಲ. ಆದ್ದರಿಂದ ಈ ಮಾರ್ಗದರ್ಶಿಗಳು ಹೇಳುವ ಮಾತುಗಳನ್ನು ಪದವಿಪೂರ್ವ ತರಗತಿಯ ಭೌತವಿಜ್ಞಾನದಿಂದಲೇ ಪರೀಕ್ಷಿಸಿ ನೋಡುವುದು ಅಗತ್ಯ.

ಹೆಸರು ಎಲ್ಲಿಂದ ಬಂತು?

ಫುಲ್ ಫ್ರೇಮ್ ಎಂದರೆ ‘ಪೂರ್ಣ ಚೌಕಟ್ಟು’. ಉಳಿದವು ಅಪೂರ್ಣ ಎಂಬ ಭಾವನೆಯನ್ನು ಈ ಹೆಸರೇ ಹುಟ್ಟಿಸುತ್ತದೆ. ವಾಸ್ತವವಾಗಿ ಇದು 36 ಮಿ.ಮೀ. ಉದ್ದ, 24 ಮಿ.ಮೀ. ಅಗಲದ ಒಂದು ಅಳತೆ ಮಾತ್ರ. ಚಲನಚಿತ್ರಗಳಿಗೆ ಬಳಸುತ್ತಿದ್ದ 35 ಮಿ.ಮೀ. ಫಿಲ್ಮಿನಲ್ಲಿ ಒಂದು ಚೌಕಟ್ಟು 18×24 ಮಿ.ಮೀ. ಇರುತ್ತಿತ್ತು. ಜರ್ಮನಿಯ ಓಸ್ಕರ್ ಬಾರ್ನಾಕ್ ಅಂತಹ ಎರಡು ಚೌಕಟ್ಟುಗಳ ಜಾಗವನ್ನು ಒಂದು ಚಿತ್ರಕ್ಕೆ ಬಳಸಿ ಸಣ್ಣ ಕ್ಯಾಮೆರಾವೊಂದನ್ನು ರೂಪಿಸಿದರು. 1925ರಲ್ಲಿ ಅದು ಲೈಕಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. ಆಗಿನ ದೊಡ್ಡ ಪ್ಲೇಟ್ ಕ್ಯಾಮೆರಾಗಳ ಎದುರು ಇದು ‘ಪುಟಾಣಿ’ ಎನಿಸಿತ್ತು! ಇಂದಿಗೂ ಇದಕ್ಕಿಂತ ದೊಡ್ಡ ಸಂವೇದಕಗಳುಳ್ಳ ಕ್ಯಾಮೆರಾಗಳಿವೆ.

ಡಿಜಿಟಲ್ ಯುಗದ ಆರಂಭದಲ್ಲಿ ಈ ಅಳತೆಯ ಸಂವೇದಕವನ್ನು ತಯಾರಿಸುವುದು ತೀರ ದುಬಾರಿಯಾಗಿತ್ತು. ಸಿಲಿಕಾನ್ ಬಿಲ್ಲೆಯಲ್ಲಿ ಚಿಪ್ಪಿನ ವಿಸ್ತೀರ್ಣ ಹೆಚ್ಚಿದಷ್ಟೂ ಸಿಗುವ ಚಿಪ್ಪುಗಳ ಸಂಖ್ಯೆ ಇಳಿಯುತ್ತದೆ, ದೋಷವಿರುವ ಚಿಪ್ಪುಗಳ ಪ್ರಮಾಣ ಏರುತ್ತದೆ. ಆದ್ದರಿಂದ ಬಹುತೇಕ ಕ್ಯಾಮೆರಾಗಳು ಸುಮಾರು 23.5×15.6 ಮಿ.ಮೀ.ನ ಎಪಿಎಸ್-ಸಿ ಅಳತೆಯನ್ನು ಆಶ್ರಯಿಸಿದವು. 2002ರಲ್ಲಿ ಕ್ಯಾನನ್ ಇಒಎಸ್-1ಡಿಎಸ್, 2005ರಲ್ಲಿ ಅದಕ್ಕಿಂತ ಅಗ್ಗದ 5ಡಿ, 2007ರಲ್ಲಿ ನಿಕಾನ್ ಡಿ3, 2013ರಲ್ಲಿ ಕನ್ನಡಿಯಿಲ್ಲದ ಸೋನಿ ಎ7 – ಹೀಗೆ ಫಿಲ್ಮಿನ ಹಳೆಯ ಅಳತೆ ಮತ್ತೆ ಬಳಕೆಗೆ ಬಂತು. ಹಳೆಯ ಲೆನ್ಸುಗಳು ತಮ್ಮ ಪೂರ್ಣ ಬಿಂಬವೃತ್ತದೊಡನೆ ಕೆಲಸ ಮಾಡುತ್ತವೆ ಎಂಬುದೇ ಆ ‘ಪೂರ್ಣ’ದ ಅರ್ಥ. ಪ್ರಕೃತಿಯ ಯಾವ ನಿಯಮವೂ ಈ ಅಳತೆಯನ್ನು ನಿಗದಿಪಡಿಸಿಲ್ಲ.

ಮೊದಲ ಮಾತು: ‘ದೊಡ್ಡ ಸಂವೇದಕ ಹೆಚ್ಚು ಬೆಳಕನ್ನು ಹಿಡಿಯುತ್ತದೆ’

ಇದು ಅರ್ಧ ಸತ್ಯ. ಫುಲ್ ಫ್ರೇಮಿನ ವಿಸ್ತೀರ್ಣ 864 ಚದರ ಮಿ.ಮೀ.; ಎಪಿಎಸ್-ಸಿಯದು ಸುಮಾರು 367. ಅನುಪಾತ 2.36. ದೃಶ್ಯದ ವ್ಯಾಪ್ತಿ, ಎಫ್-ಸಂಖ್ಯೆ ಮತ್ತು ಷಟರ್ ಕಾಲ ಒಂದೇ ಆಗಿದ್ದರೆ ಪ್ರತಿ ಚದರ ಮಿ.ಮೀ.ಗೆ ಬೀಳುವ ಬೆಳಕು ಎರಡರಲ್ಲೂ ಸಮ. ಒಟ್ಟು ಬೆಳಕು ಮಾತ್ರ ದೊಡ್ಡದರಲ್ಲಿ 2.36 ಪಟ್ಟು. ಫೋಟಾನುಗಳು ಬಂದು ಬೀಳುವುದು ಯಾದೃಚ್ಛಿಕವಾಗಿ. ಸರಾಸರಿ N ಎಂದಾದರೆ ಏರಿಳಿತ N ನ ವರ್ಗಮೂಲದಷ್ಟು. ಆದ್ದರಿಂದ ಸಂಕೇತ ಮತ್ತು ಗದ್ದಲಗಳ ಅನುಪಾತ ಉತ್ತಮಗೊಳ್ಳುವುದು 2.36ರ ವರ್ಗಮೂಲ, ಅಂದರೆ ಸುಮಾರು 1.5 ಪಟ್ಟು. ಛಾಯಾಗ್ರಾಹಕರ ಭಾಷೆಯಲ್ಲಿ ಒಂದೂಕಾಲು ‘ಸ್ಟಾಪ್’. ಲಾಭ ನಿಜ, ಆದರೆ ಜಾಹೀರಾತುಗಳು ಬಿಂಬಿಸುವಷ್ಟಲ್ಲ.

ಇಲ್ಲಿ ಮಾರ್ಗದರ್ಶಿಗಳು ಹೇಳದೆ ಬಿಡುವ ಒಂದು ಅಂಶವಿದೆ. ಎಫ್-ಸಂಖ್ಯೆ ಎಂದರೆ ಸಂಗಮ ದೂರವನ್ನು ದ್ಯುತಿರಂಧ್ರದ ವ್ಯಾಸದಿಂದ ಭಾಗಿಸಿದಾಗ ಬರುವ ಬೆಲೆ. ಫುಲ್ ಫ್ರೇಮಿನಲ್ಲಿ 50 ಮಿ.ಮೀ. ಲೆನ್ಸ್ ಎಫ್/2.8ರಲ್ಲಿದ್ದರೆ ರಂಧ್ರದ ವ್ಯಾಸ 17.9 ಮಿ.ಮೀ. ಅದೇ ದೃಶ್ಯವನ್ನು ಎಪಿಎಸ್-ಸಿಯಲ್ಲಿ 33 ಮಿ.ಮೀ. ಲೆನ್ಸಿನಿಂದ ಎಫ್/1.8ರಲ್ಲಿ ತೆಗೆದರೆ ವ್ಯಾಸ 18.3 ಮಿ.ಮೀ. ರಂಧ್ರ ಹೆಚ್ಚುಕಡಿಮೆ ಒಂದೇ; ಒಳಬರುವ ಫೋಟಾನುಗಳೂ ಒಂದೇ; ಸ್ಪಷ್ಟವಾಗಿ ಕಾಣುವ ಆಳವೂ ಒಂದೇ. ಬೆಳಕನ್ನು ಸಂಗ್ರಹಿಸುವುದು ಲೆನ್ಸಿನ ಕಂಡಿ. ಸಂವೇದಕ ಅದನ್ನು ಹರವಿಕೊಳ್ಳುವ ಚಾಪೆ. ನಸುಬೆಳಕಿನ ದೇಗುಲದ ಒಳಾಂಗಣ ಅಥವಾ ರಾತ್ರಿಯ ಆಕಾಶದ ವಿಶಾಲ ನೋಟಕ್ಕೆ ದೊಡ್ಡ ಚಾಪೆಯಿಂದ ಅನುಕೂಲವುಂಟು. ಕೀಟದ ಮೀಸೆಯಿಂದ ಬಾಲದವರೆಗೆ ಎಲ್ಲವೂ ಸ್ಪಷ್ಟವಾಗಿರಬೇಕು ಎನ್ನುವ ಜೀವವಿಜ್ಞಾನದ ಅಧ್ಯಾಪಕರಿಗೆ ಅದು ಸಿಗದು. ಆಳಕ್ಕಾಗಿ ರಂಧ್ರವನ್ನು ಕಿರಿದಾಗಿಸಿದೊಡನೆ ಲಾಭ ಕರಗುತ್ತದೆ.

ಎರಡನೆಯ ಮಾತು: ‘ಸಣ್ಣ ಸಂವೇದಕದಲ್ಲಿ ಲೆನ್ಸ್ 1.5 ಪಟ್ಟು ಉದ್ದವಾಗುತ್ತದೆ’

ಸಂಗಮ ದೂರ ಲೆನ್ಸಿನ ಗುಣ. ಹಿಂದೆ ಯಾವ ಸಂವೇದಕವಿದ್ದರೂ ಅದು ಬದಲಾಗದು. ಚಂದ್ರನ ಕೋನವ್ಯಾಸ ಸುಮಾರು ಅರ್ಧ ಡಿಗ್ರಿ. 400 ಮಿ.ಮೀ. ಲೆನ್ಸ್ ಮೂಡಿಸುವ ಚಂದ್ರಬಿಂಬದ ವ್ಯಾಸ ಸುಮಾರು 3.6 ಮಿ.ಮೀ. – ಎರಡು ಕ್ಯಾಮೆರಾಗಳಲ್ಲೂ! ಬದಲಾಗುವುದು ಅದರ ಸುತ್ತಲಿನ ಖಾಲಿ ಆಕಾಶ. ಆದರೆ 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮಿನಲ್ಲಿ ಒಂದು ಪಿಕ್ಸೆಲ್‌ನ ಅಗಲ 6 ಮೈಕ್ರಾನ್. ಅಷ್ಟೇ ಪಿಕ್ಸೆಲ್‌ಗಳ ಎಪಿಎಸ್-ಸಿಯಲ್ಲಿ 3.9. ಹಾಗಾಗಿ ಚಂದ್ರನ ವ್ಯಾಸ ಮೊದಲನೆಯದರಲ್ಲಿ 600 ಪಿಕ್ಸೆಲ್, ಎರಡನೆಯದರಲ್ಲಿ 920. ಕುಳಿಗಳ ವಿವರ ಬೇಕಿದ್ದವರಿಗೆ, ದೂರದ ಕೊಂಬೆಯ ಹಕ್ಕಿಯನ್ನು ಗುರುತಿಸಬೇಕಾದವರಿಗೆ, ಅಗ್ಗದ ಕ್ಯಾಮೆರಾವೇ ಹೆಚ್ಚು ಕೊಡುತ್ತದೆ. ಈ ಲೆಕ್ಕವನ್ನು ತಿರುಗಿಸಿ, ಹುಣ್ಣಿಮೆಯ ಚಿತ್ರದಿಂದ ಪಿಕ್ಸೆಲ್‌ನ ಅಗಲವನ್ನು ಕಂಡುಹಿಡಿಯುವಂತೆ ನಿಮ್ಮ ವಿದ್ಯಾರ್ಥಿಗಳಿಗೆ ಹೇಳಬಹುದು. ಒಂದು ಅಡಿಪಟ್ಟಿಯೂ ಬೇಕಾಗದ ಪ್ರಯೋಗವಿದು.

ಮೂರನೆಯ ಮಾತು: ‘ಪಿಕ್ಸೆಲ್ ಹೆಚ್ಚಿದಷ್ಟೂ ಸ್ಪಷ್ಟತೆ ಹೆಚ್ಚು’

ವೃತ್ತಾಕಾರದ ರಂಧ್ರದ ಮೂಲಕ ಹಾದ ಬೆಳಕು ವಿವರ್ತನೆಗೊಂಡು ಬಿಂದುವಿನ ಬದಲು ಬಿಲ್ಲೆಯನ್ನು ಮೂಡಿಸುತ್ತದೆ ಎಂಬುದನ್ನು ನೀವು ಪಾಠ ಮಾಡುತ್ತೀರಿ. ಇದೇ ಏರಿ ಬಿಲ್ಲೆ. ಇದರ ವ್ಯಾಸ 2.44, ಅಲೆಯುದ್ದ ಹಾಗೂ ಎಫ್-ಸಂಖ್ಯೆಗಳ ಗುಣಲಬ್ಧ. 0.55 ಮೈಕ್ರಾನ್ ಅಲೆಯುದ್ದದ ಹಸಿರು ಬೆಳಕಿಗೆ ಎಫ್/16ರಲ್ಲಿ ಇದು 21 ಮೈಕ್ರಾನ್ ದಾಟುತ್ತದೆ. ಪಿಕ್ಸೆಲ್ 6 ಮೈಕ್ರಾನ್ ಇದ್ದರೆ ಬಿಲ್ಲೆ ಮೂರೂವರೆ ಪಿಕ್ಸೆಲ್‌ಗಳನ್ನು ಆವರಿಸುತ್ತದೆ. 45 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮಿನಲ್ಲಿ ಸುಮಾರು ಐದನ್ನು. ಹೆಚ್ಚುವರಿ ಪಿಕ್ಸೆಲ್‌ಗಳು ಅಳೆಯುವುದು ಆ ಮಸುಕನ್ನೇ. ರಂಧ್ರವನ್ನು ತೀರ ಕಿರಿದು ಮಾಡಿ ಬಳಸುವವರು ಪೆಟ್ಟಿಗೆಯ ಮೇಲಿನ ಮೆಗಾಪಿಕ್ಸೆಲ್ ಸಂಖ್ಯೆಗೆ ಹಣ ತೆತ್ತು ಪ್ರಯೋಜನವಿಲ್ಲ.

ಪರಿಕರಗಳ ಪಟ್ಟಿ

ಮಾರ್ಗದರ್ಶಿಗಳ ಪಟ್ಟಿಯಲ್ಲಿ ಯುವಿ ಫಿಲ್ಟರ್ ಸಾಮಾನ್ಯವಾಗಿ ಮೇಲಿರುತ್ತದೆ. ಫಿಲ್ಮು ಅತಿನೇರಳೆ ಕಿರಣಗಳಿಗೆ ಸ್ಪಂದಿಸುತ್ತಿದ್ದುದರಿಂದ ಆಗ ಅದು ಬೇಕಿತ್ತು. ಡಿಜಿಟಲ್ ಸಂವೇದಕದ ಮುಂದೆ ಅಂತಹ ಶೋಧಕ ಮೊದಲೇ ಇರುತ್ತದೆ. ಈಗ ಯುವಿ ಫಿಲ್ಟರ್ ಮಾಡುವುದು ದೂಳಿನಿಂದ ರಕ್ಷಿಸುವ ಕೆಲಸ ಮಾತ್ರ. ಲೇಪನವಿಲ್ಲದ ಅಗ್ಗದ ಗಾಜಾದರೆ ಅದರ ಪ್ರತಿ ಮೈಯೂ ಸುಮಾರು ಶೇಕಡಾ 4ರಷ್ಟು ಬೆಳಕನ್ನು ಪ್ರತಿಫಲಿಸಿ ಚಿತ್ರವನ್ನು ಕೆಡಿಸಬಲ್ಲದು.

ಧ್ರುವೀಕರಣ ಫಿಲ್ಟರಿನ ಮಾತೇ ಬೇರೆ. ನೀರಿನ ಮೇಲೆ ಸುಮಾರು 53 ಡಿಗ್ರಿ ಪತನ ಕೋನದಲ್ಲಿ ಪ್ರತಿಫಲಿಸಿದ ಬೆಳಕು ಪೂರ್ಣವಾಗಿ ಧ್ರುವೀಕೃತಗೊಂಡಿರುತ್ತದೆ. ಫಿಲ್ಟರನ್ನು ತಿರುಗಿಸಿ ಅದನ್ನು ತಡೆದರೆ ಕೆರೆಯ ತಳ ಕಾಣುತ್ತದೆ. 1921ರ ಸಮುದ್ರಯಾನದಲ್ಲಿ ಸಿ. ವಿ. ರಾಮನ್ ನಿಕಾಲ್ ಪಟ್ಟಕದಿಂದ ಮಾಡಿದ್ದು ಇದನ್ನೇ. ಮೇಲ್ಮೈಯ ಪ್ರತಿಫಲನವನ್ನು ಅಳಿಸಿದ ಮೇಲೂ ಕಡಲಿನ ನೀಲಿ ಉಳಿದದ್ದರಿಂದ, ಅದು ಆಕಾಶದ ಪ್ರತಿಬಿಂಬವಷ್ಟೇ ಅಲ್ಲ ಎಂದು ಅವರು ತೋರಿಸಿದರು. ಚಿತ್ರ ತೆಗೆದ ಮೇಲೆ ಕಂಪ್ಯೂಟರಿನಲ್ಲಿ ಈ ಪರಿಣಾಮವನ್ನು ತರಲಾಗದು. ಆದ್ದರಿಂದ ಇದಕ್ಕೆ ಹಣ ಕೊಡಿ.

ಭಾರವಾದ, ಅಲುಗದ ಟ್ರೈಪಾಡ್ ಎಲ್ಲಕ್ಕಿಂತ ಮೊದಲು ಬೇಕಾದದ್ದು. ಷಟರ್ ಒತ್ತಲು ದೂರನಿಯಂತ್ರಕ ಇಲ್ಲದಿದ್ದರೆ ಕ್ಯಾಮೆರಾದಲ್ಲೇ ಇರುವ 2 ಸೆಕೆಂಡಿನ ಟೈಮರ್ ಸಾಕು. ನಕ್ಷತ್ರಗಳ ಚಿತ್ರಕ್ಕೆ ‘500ನ್ನು ಸಂಗಮ ದೂರದಿಂದ ಭಾಗಿಸಿ’ ಎಂಬ ಸೂತ್ರ ಪ್ರಚಲಿತವಾಗಿದೆ. 24 ಮಿ.ಮೀ. ಲೆನ್ಸಿಗೆ ಇದು 21 ಸೆಕೆಂಡು ಕೊಡುತ್ತದೆ. ಭೂಮಿ ಸೆಕೆಂಡಿಗೆ 15 ಆರ್ಕ್ ಸೆಕೆಂಡು ತಿರುಗುವುದರಿಂದ ಖಗೋಳ ವಿಷುವದ್ವೃತ್ತದ ನಕ್ಷತ್ರದ ಬಿಂಬ ಈ ಅವಧಿಯಲ್ಲಿ 36 ಮೈಕ್ರಾನ್, ಅಂದರೆ ಆರು ಪಿಕ್ಸೆಲ್ ಸರಿದಿರುತ್ತದೆ. ಸಣ್ಣ ಮುದ್ರಣದಲ್ಲಿ ಇದು ಕಾಣದಿರಬಹುದು. ನಕ್ಷತ್ರದ ಸ್ಥಾನವನ್ನು ಅಳೆಯಹೊರಟವರಿಗೆ ಸೂತ್ರ ಸಲ್ಲದು.

ಪಟ್ಟಿಗಳಲ್ಲಿ ಅಪರೂಪವಾಗಿ ಕಾಣುವ ಎರಡು ವಸ್ತುಗಳು ನಮಗೆ ಮುಖ್ಯ. ಒಂದು, ಬಿಗಿ ಮುಚ್ಚಳದ ಡಬ್ಬಿ ಮತ್ತು ಸಿಲಿಕಾ ಜೆಲ್. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಲೆನ್ಸಿನೊಳಗೆ ಶಿಲೀಂಧ್ರ ಬೆಳೆದು ಗಾಜಿನ ಲೇಪನವನ್ನು ತಿನ್ನುತ್ತದೆ. ಬೀರುವಿನಲ್ಲಿ ಮುಚ್ಚಿಟ್ಟ ಕ್ಯಾಮೆರಾಕ್ಕೆ ಈ ಅಪಾಯ ಹೆಚ್ಚು. ಇನ್ನೊಂದು, ಸೌರ ಫಿಲ್ಟರ್. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗುಗಳಲ್ಲಿ ಕಂಡಂತಹ ಕಂಕಣ ಗ್ರಹಣದಲ್ಲಿ ಸೂರ್ಯ ಯಾವ ಕ್ಷಣದಲ್ಲೂ ಪೂರ್ತಿ ಮರೆಯಾಗುವುದಿಲ್ಲ. ಸೌರವೀಕ್ಷಣೆಗೆಂದೇ ಮಾಡಿದ ಫಿಲ್ಟರನ್ನು ಲೆನ್ಸಿನ ಮುಂದೆ ಕಟ್ಟಿ, ಕೊನೆಯವರೆಗೂ ತೆಗೆಯದಿರಬೇಕು. ಇದಿಲ್ಲದೆ ದರ್ಶಕ ಕಿಂಡಿಗೆ ಕಣ್ಣಿಡುವುದು ಮಕ್ಕಳ ದೃಷ್ಟಿಗೇ ಅಪಾಯ.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ನಿಮ್ಮ ಕೆಲಸ ಮುಖ್ಯವಾಗಿ ರಾತ್ರಿಯ ವಿಶಾಲ ಆಕಾಶ ಅಥವಾ ಮಂದ ಬೆಳಕಿನ ಒಳಾಂಗಣವಾಗಿದ್ದರೆ, ಅಥವಾ ಹಳೆಯ 35 ಮಿ.ಮೀ. ಲೆನ್ಸುಗಳು ಸುಸ್ಥಿತಿಯಲ್ಲಿದ್ದು ಅವನ್ನು ಜೋಡಿಸುವ ಅನುಕೂಲವಿದ್ದರೆ, ಫುಲ್ ಫ್ರೇಮ್ ಸರಿಯಾದ ಆಯ್ಕೆ. ಆಗಲೂ ಕ್ಯಾಮೆರಾದ ಬೆಲೆಯೊಂದನ್ನೇ ನೋಡದೆ ಲೆನ್ಸು, ಟ್ರೈಪಾಡ್, ಎರಡನೆಯ ಬ್ಯಾಟರಿ, ಎರಡು ಮೆಮೊರಿ ಕಾರ್ಡುಗಳನ್ನು ಸೇರಿಸಿ ಲೆಕ್ಕ ಹಾಕಿ. ಹಕ್ಕಿ, ಕೀಟ, ಚಂದ್ರ, ಪ್ರಯೋಗಾಲಯದ ದಾಖಲೆಗಳಾದರೆ ಎಪಿಎಸ್-ಸಿ ಕ್ಯಾಮೆರಾ ಕೊಂಡು, ಉಳಿದ ಹಣವನ್ನು ಲೆನ್ಸಿಗೆ ತೊಡಗಿಸಿ. ಕ್ಯಾಮೆರಾ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ; ಚೆನ್ನಾಗಿ ಕಾಪಾಡಿದ ಲೆನ್ಸ್ ಹಲವು ತಂಡಗಳ ವಿದ್ಯಾರ್ಥಿಗಳಿಗೆ ಒದಗುತ್ತದೆ.

ಅಂಗಡಿಯಲ್ಲಿ ಹಣ ಕೊಡುವ ಮೊದಲು ಗೋಡೆಗೆ ಅಂಟಿಸಿದ ದಿನಪತ್ರಿಕೆಯ ಪುಟವೊಂದನ್ನು ಎಫ್/4, ಎಫ್/8, ಎಫ್/16ರಲ್ಲಿ ತೆಗೆದು ನೋಡಿ. ಮೂಲೆಯ ಅಕ್ಷರಗಳನ್ನು ನಡುವಿನ ಅಕ್ಷರಗಳೊಡನೆ ಹೋಲಿಸಿ. ವಿದ್ಯಾರ್ಥಿಗಳನ್ನೂ ಜೊತೆಗೆ ಕರೆದೊಯ್ದು, ಈ ಪರೀಕ್ಷೆಯನ್ನು ಅವರಿಂದಲೇ ಮಾಡಿಸಿ.