ವೆಬ್ ಎ.ಪಿ.ಐ.ಗಳ ವಿವರಣಪತ್ರ: ಒಂದು ಆಧಾರವಿಮರ್ಶೆ

ಗಣಕಯಂತ್ರದ ಒಂದು ಕ್ರಮವಿಧಿಯು ಮತ್ತೊಂದರಿಂದ ಮಾಹಿತಿಯನ್ನು ಕೇಳಿ ಪಡೆಯಲು ಏರ್ಪಟ್ಟಿರುವ ನಿಯತ ದ್ವಾರಕ್ಕೆ ಎ.ಪಿ.ಐ. ಎಂದು ಹೆಸರು. ಶಾಸನಗಳ ಪಟ್ಟಿ, ಗ್ರಾಮಗಳ ಪಟ್ಟಿ ಮೊದಲಾದವನ್ನು ಇಂಥ ದ್ವಾರದ ಮೂಲಕ ಒದಗಿಸುವ ಕಾರ್ಯ ಈಗ ಕಾಲೇಜಿನ ಇತಿಹಾಸ ವಿಭಾಗಕ್ಕೂ ಎಟುಕುವಂತಾಗಿದೆ. ಪೈಥಾನ್ ಭಾಷೆಯಲ್ಲಿ 2018ರಲ್ಲಿ ಸೆಬಾಸ್ಟಿಯನ್ ರಮಿರೆಝ್ ಅವರು ಹೊರತಂದ ಫಾಸ್ಟ್‌ಎಪಿಐ ಎಂಬ ಚೌಕಟ್ಟು ಇದನ್ನು ಬಹಳ ಸುಲಭಗೊಳಿಸಿದೆ. ಪ್ರತಿಯೊಂದು ಅಂಶವೂ ಸಂಖ್ಯೆಯೋ ಅಕ್ಷರಮಾಲೆಯೋ ದಿನಾಂಕವೋ ಎಂಬುದನ್ನು ಕ್ರಮವಿಧಿಯಲ್ಲಿ ಒಮ್ಮೆ ನಮೂದಿಸಿದರೆ ಸಾಕು. ಬಂದ ಮಾಹಿತಿಯನ್ನು ಅದು ಪರೀಕ್ಷಿಸುತ್ತದೆ, ಮತ್ತು ಓಪನ್‌ಎಪಿಐ ಎಂಬ ಸರ್ವಸಮ್ಮತ ನಿಯಮಾವಳಿಗೆ ಅನುಗುಣವಾದ ವಿವರಣಪತ್ರವನ್ನು ತಾನೇ ಸಿದ್ಧಪಡಿಸುತ್ತದೆ. ಆದಕಾರಣ ‘ವಿವರಣೆಯನ್ನು ಬೇರೆಯಾಗಿ ಬರೆಯಬೇಕಾಗಿಲ್ಲ’ ಎಂಬ ಅಭಿಪ್ರಾಯ ಅಭ್ಯಾಸಿಗಳಲ್ಲಿ ಬೇರೂರುತ್ತಿದೆ. ಈ ಅಭಿಪ್ರಾಯ ಎಷ್ಟರಮಟ್ಟಿಗೆ ಸಮಂಜಸವೆಂಬುದೇ ಪ್ರಕೃತ ವಿಚಾರ.

ಪರೀಕ್ಷಾರ್ಥವಾಗಿ ನಾವು ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಸ್ಥಳಗಳನ್ನೂ ಶಾಸನಗಳನ್ನೂ ಕುರಿತ ಒಂದು ಸಣ್ಣ ಎ.ಪಿ.ಐ.ಯನ್ನು ರಚಿಸಿ ನೋಡಿದೆವು. ಮೊದಲು ತೆಗೆದುಕೊಂಡ ಊರು ಸತ್ಯಮಂಗಲದ ಹಾದಿಯಲ್ಲಿ ಗಡಿಯ ಸಮೀಪದಲ್ಲಿರುವ ಪುಣಜನೂರು. ಊರು, ತಾಲ್ಲೂಕು, ಜಿಲ್ಲೆ, ಹೆದ್ದಾರಿ ಎಂಬ ನಾಲ್ಕು ಅಂಶಗಳನ್ನು ಗೊತ್ತುಮಾಡಿದ ಕೂಡಲೇ ಅಂದವಾದ ವಿವರಣಪತ್ರವೊಂದು ತೆರೆಯ ಮೇಲೆ ಮೂಡಿತು. ಆದರೆ ಜಿಲ್ಲೆ ಯಾವುದು? 1997ರವರೆಗೆ ಮೈಸೂರು, ಅನಂತರ ಚಾಮರಾಜನಗರ. ಹೆದ್ದಾರಿ ಯಾವುದು? ಹಿಂದೆ 209, ಈಗ 948. ವಿವರಣಪತ್ರವು ‘ಜಿಲ್ಲೆ: ಅಕ್ಷರಮಾಲೆ’, ‘ಹೆದ್ದಾರಿ: ಸಂಖ್ಯೆ’ ಎಂದಷ್ಟೇ ಹೇಳಿತು, ಯಾವ ಕಾಲದ ಜಿಲ್ಲೆ, ಯಾವ ಕಾಲದ ಸಂಖ್ಯೆ ಎಂಬ ಮಾತೇ ಅಲ್ಲಿಲ್ಲ. ಅದೇ ಕಾಡಿನ ಸೋಲಿಗರ ಪೋಡುಗಳನ್ನು ಸೇರಿಸಹೊರಟಾಗ ತೊಡಕು ಇನ್ನೂ ಹೆಚ್ಚಿತು. ಕಂದಾಯ ಗ್ರಾಮದ ಸಂಖ್ಯೆಯನ್ನು ಕಡ್ಡಾಯವೆಂದು ನಾವು ವಿಧಿಸಿದ್ದೆವು. ಸ್ವಂತ ಸಂಖ್ಯೆಯಿಲ್ಲದ ಪೋಡನ್ನು ಯಂತ್ರ ನಿರಾಕರಿಸಿತು. ದೋಷ ಯಂತ್ರದ್ದಲ್ಲ. ಜನವಸತಿಯೆಂದರೆ ಕಂದಾಯ ಗ್ರಾಮವೇ ಎಂಬ ಕಲ್ಪನೆಯನ್ನು ಅರಿವಿಲ್ಲದೆಯೇ ಅದರೊಳಗೆ ಹುದುಗಿಸಿದವರು ನಾವು.

ಕಾಲಗಣನೆಯ ವಿಷಯದಲ್ಲಿ ಅನರ್ಥ ಇದಕ್ಕಿಂತ ಗುರುತರವಾದುದು. ‘ವರ್ಷ’ ಎಂಬುದನ್ನು ಪೂರ್ಣಾಂಕವೆಂದು ನಿಯಮಿಸಿದೆವೆನ್ನೋಣ. ಯಾರಾದರೂ ‘ಸಾವಿರದ ನೂರು’ ಎಂದು ಅಕ್ಷರಗಳಲ್ಲಿ ಬರೆದರೆ ಚೌಕಟ್ಟು 422 ಎಂಬ ದೋಷಸಂಖ್ಯೆಯೊಡನೆ ಅದನ್ನು ಹಿಂದಕ್ಕೆ ಕಳುಹಿಸುತ್ತದೆ. ‘1100’ ಎಂದು ಬರೆದರೆ ಸಂತೋಷದಿಂದ ಅಂಗೀಕರಿಸುತ್ತದೆ. ಅದು ಶಕವರ್ಷವೋ ಕ್ರಿಸ್ತವರ್ಷವೋ ಎಂದು ಕೇಳುವುದಿಲ್ಲ. ಶಕ 1100 ಎಂದರೆ ಕ್ರಿ.ಶ. 1178ರ ಸುಮಾರು, ಆಗ ಆಳುತ್ತಿದ್ದವನು ಹೊಯ್ಸಳ ಇಮ್ಮಡಿ ಬಲ್ಲಾಳ. ಅದನ್ನೇ ಕ್ರಿ.ಶ. 1100 ಎಂದು ಓದಿದರೆ, ವಿಷ್ಣುವರ್ಧನನು ಸುಮಾರು 1116ರಲ್ಲಿ ತಲಕಾಡನ್ನು ಗೆಲ್ಲುವುದಕ್ಕೆ ಮುಂಚೆ, ಈ ನಾಡು ಚೋಳರ ವಶದಲ್ಲಿದ್ದ ಕಾಲಕ್ಕೆ ಶಾಸನವನ್ನು ತಳ್ಳಿದಂತಾಗುತ್ತದೆ. ಕಾಗುಣಿತದ ತಪ್ಪನ್ನು ಹಿಡಿಯುವ ಪರೀಕ್ಷೆಯು ಎಪ್ಪತ್ತೆಂಟು ವರ್ಷಗಳ ತಪ್ಪನ್ನು ಬಿಟ್ಟುಕೊಟ್ಟಿತು.

ಮೂರನೆಯದು ಮೌನದ ಪ್ರಶ್ನೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೈಸೂರು ಜಿಲ್ಲೆಯ ಸಂಪುಟಗಳನ್ನು (1894, 1898) ಮಾತ್ರ ಆಧಾರವಾಗಿಟ್ಟುಕೊಂಡ ಎ.ಪಿ.ಐ.ಯೊಂದನ್ನು ‘ಕೊಳ್ಳೇಗಾಲ ತಾಲ್ಲೂಕಿನ ಶಾಸನಗಳೆಷ್ಟು?’ ಎಂದು ಕೇಳಿದರೆ, 200 ಎಂಬ ಯಶಸ್ಸಿನ ಸಂಖ್ಯೆಯೊಡನೆ ಬರಿದಾದ ಪಟ್ಟಿ ಬರುತ್ತದೆ. ವಿದ್ಯಾರ್ಥಿಯು ಅಲ್ಲಿ ಶಾಸನಗಳೇ ಇಲ್ಲವೆಂದು ತೀರ್ಮಾನಿಸಿದರೆ ಆಶ್ಚರ್ಯವೇನು? ನಿಜಾಂಶವೆಂದರೆ, ರೈಸರ ಕಾಲದಲ್ಲಿ ಕೊಳ್ಳೇಗಾಲ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದುದು 1956ರ ನವೆಂಬರ್ 1ರಂದು. ‘ಇಲ್ಲ’ ಎಂಬುದಕ್ಕೂ ‘ಹುಡುಕಿಲ್ಲ’ ಎಂಬುದಕ್ಕೂ ಇರುವ ಅಂತರವನ್ನು ಆಧಾರವಿಮರ್ಶೆಯ ಮೊದಲ ಪಾಠದಲ್ಲಿಯೇ ನಾವು ಬೋಧಿಸುತ್ತೇವೆ. ನಮ್ಮ ದ್ವಾರದ ವಿವರಣಪತ್ರದಲ್ಲಿ ಮಾತ್ರ ಅದನ್ನು ಮರೆಯುತ್ತೇವೆ.

ಆವೃತ್ತಿಭೇದದ ಸಮಸ್ಯೆಯೂ ನಮಗೆ ಹೊಸದಲ್ಲ. ಗುಂಡ್ಲುಪೇಟೆಯ ಶಾಸನಗಳು ರೈಸರಲ್ಲಿ 4ನೆಯ ಸಂಪುಟದಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ 3ನೆಯ ಸಂಪುಟದಲ್ಲಿವೆ (1974). ಆದುದರಿಂದಲೇ ಶಾಸನವನ್ನು ಉಲ್ಲೇಖಿಸುವ ವಿದ್ವಾಂಸರು ಯಾವ ಆವೃತ್ತಿಯೆಂಬುದನ್ನು ಸೂಚಿಸುವ ಪದ್ಧತಿ ಬೆಳೆದುಬಂದಿದೆ. ಎ.ಪಿ.ಐ.ಯ ವಿಳಾಸದಲ್ಲಿ ಆವೃತ್ತಿಯ ಸಂಖ್ಯೆಯನ್ನು ಸೇರಿಸುವ ವಾಡಿಕೆಯೂ ಇದೇ ವಿವೇಕದಿಂದ ಹುಟ್ಟಿದುದು. ಹಳೆಯ ವಿಳಾಸವನ್ನು ಸುಳಿವಿಲ್ಲದೆ ಅಳಿಸಿಹಾಕುವುದು ಹಳೆಯ ಗ್ರಂಥಗಳ ಅಡಿಟಿಪ್ಪಣಿಗಳನ್ನೆಲ್ಲ ಕುರುಡಾಗಿಸಿದಂತೆ.

ಇಷ್ಟು ಹೇಳಿದ ಮೇಲೆ ಚೌಕಟ್ಟಿಗೆ ನ್ಯಾಯ ಸಲ್ಲಿಸುವುದು ನಮ್ಮ ಕರ್ತವ್ಯ. ಪ್ರತಿಯೊಂದು ಅಂಶಕ್ಕೂ ವಿವರಣೆ, ಉದಾಹರಣೆ, ಮೇರೆಗಳನ್ನು ಬರೆಯಲು ಅದು ಅವಕಾಶ ಕೊಟ್ಟಿದೆ. ಬಳಕೆಯಿಂದ ಹಿಂತೆಗೆಯಲಿರುವ ವಿಳಾಸವನ್ನು ಹಾಗೆಂದು ಗುರುತಿಸಲೂ ಏರ್ಪಾಡಿದೆ. ಹಳೆಯ ಪದ್ಧತಿಯಲ್ಲಿ ಕ್ರಮವಿಧಿ ಒಂದು ಕಡೆ, ವಿವರಣೆ ಇನ್ನೊಂದು ಕಡೆ ಇದ್ದು, ಕಾಲಕ್ರಮದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದಂತಾಗುತ್ತಿದ್ದುದನ್ನು ಅದು ಬಹುಮಟ್ಟಿಗೆ ತಪ್ಪಿಸಿದೆ. ಇದು ಸಾಮಾನ್ಯವಾದ ಉಪಕಾರವಲ್ಲ. ಆದರೆ ಅದು ತಾನಾಗಿ ಬರೆಯಬಲ್ಲದ್ದು ಮಾಹಿತಿಯ ಆಕಾರವನ್ನು ಮಾತ್ರ. ಅರ್ಥವನ್ನೂ ಮೂಲವನ್ನೂ ನಾವೇ ಬರೆಯಬೇಕು.

ಆದಕಾರಣ ನಮ್ಮ ಸೂಚನೆ ಇಷ್ಟೇ. ವರ್ಷವನ್ನು ಕೊಡುವಲ್ಲಿ ಶಕವೆಂದೋ ಕ್ರಿಸ್ತವೆಂದೋ ಬೇರೊಂದು ಅಂಶವಾಗಿ ಹೇಳತಕ್ಕದ್ದು. ಸ್ಥಳದ ಹೆಸರಿನೊಡನೆ ಆ ಹೆಸರು ಸಲ್ಲುವ ಕಾಲವನ್ನು ಕೊಡತಕ್ಕದ್ದು. ಅರಿಕುಠಾರವೇ ಚಾಮರಾಜನಗರವಾಯಿತೆಂಬುದನ್ನು ಯಂತ್ರ ಊಹಿಸಲಾರದು. ಆಧಾರಗ್ರಂಥದ ವ್ಯಾಪ್ತಿಯನ್ನೂ ಅದರ ಹೊರಗುಳಿದ ಸೀಮೆಯನ್ನೂ ವಿವರಣಪತ್ರದ ಮೊದಲಲ್ಲಿಯೇ ನಿವೇದಿಸತಕ್ಕದ್ದು. ಕಲ್ಲಿನ ಮುಂದೆ ನಿಂತು ಸವೆದ ಅಕ್ಷರವನ್ನು ಸವೆದಿದೆಯೆಂದೇ ಗುರುತುಹಾಕಿದ ಶಾಸನಶೋಧಕರ ಪ್ರಾಮಾಣಿಕತೆಯನ್ನು ತೆರೆಯ ಮುಂದೆ ಕುಳಿತ ನಮ್ಮ ವಿದ್ಯಾರ್ಥಿಗಳೂ ಉಳಿಸಿಕೊಳ್ಳಬೇಕೆಂಬುದೇ ನಮ್ಮ ಅಪೇಕ್ಷೆ.